ಸುಳ್ಳು ಕಾಯಿಲೆ ಬಂದಾಗ ಪೆನ್ನು ಹಿಡಿಯುವುದು ಹೇಗೆ

ರಾತ್ರಿ ಒಂಬತ್ತೂವರೆಗೆ ಅಣ್ಣನ ಮಗಳ ಫೋನು. ಎಂಬಿಬಿಎಸ್ ಮುಗಿಸಿ ಕಡ್ಡಾಯ ಗ್ರಾಮೀಣ ಸೇವೆಗೆ ಸೇರಿ ಆಗ ಹನ್ನೊಂದು ದಿನ.

"ಅತ್ತೆ, ಇವತ್ತು ಒಬ್ರು ಬಂದು ಟೈಫಾಯ್ಡ್ ಅಂತ ಬರ್ಕೊಡಿ ಅಂದ್ರು. ಹದಿನೈದು ದಿನಕ್ಕೆ, ಹೋದ ತಿಂಗಳ ತಾರೀಖು ಹಾಕಿ. ಜ್ವರ ಇಲ್ಲ, ಏನೂ ಇಲ್ಲ. ನೀವು ಸುಳ್ಳು ಹೇಳ್ತಿದೀರ ಅಂದೆ. ಹೊರಗೆ ನಿಂತು ಕಿರುಚಾಡಿದ್ರು. ನಂದೇನಾದ್ರೂ ತಪ್ಪಾ?"

ಕೊಡದೇ ಇದ್ದದ್ದು ಸರಿ. ಆ ಮಾತು ಮಾತ್ರ ಆಡಬಾರದಿತ್ತು ಅಂದೆ. ಆಮೇಲೆ ಒಂದು ಗಂಟೆ ಮಾತಾಡಿದೆವು. ಅವಳ ಜೊತೆ ಓದಿದವರೆಲ್ಲ ಈಗ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತಿದ್ದಾರೆ, ಎಲ್ಲರಿಗೂ ಇದೇ ಗೋಳು, ಬರೆದು ಕೊಡಿ ಅಂದಳು. ನಾನು ಹಾಸನ, ತುಮಕೂರು ಜಿಲ್ಲೆಗಳಲ್ಲಿ 31 ವರ್ಷ ಸರ್ಕಾರಿ ಡಾಕ್ಟರಾಗಿದ್ದವಳು. 2021ರಲ್ಲಿ ನಿವೃತ್ತಿ. ದೊಡ್ಡ ಸ್ಪೆಷಲಿಸ್ಟ್ ಅಲ್ಲ. ಆದರೆ ಇಲ್ಲದ ಕಾಯಿಲೆ ಹೊತ್ತು ತಂದವರನ್ನು ಬಹಳ ನೋಡಿದ್ದೇನೆ. ಇರುವ ಕಾಯಿಲೆಯನ್ನು ಇಲ್ಲ ಅಂದು ಕಳಿಸಿದ್ದೂ ಉಂಟು, ಅದನ್ನೂ ಹೇಳುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಎದುರಿಗೆ ಕೂತವರು ಸುಳ್ಳು ಹೇಳುತ್ತಿದ್ದಾರಾ ಎಂದು ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ. ಅವರು ಏನು ಹೇಳಿದರು, ನಿಮಗೆ ಏನು ಕಂಡಿತು, ಎರಡನ್ನೂ ಬೇರೆ ಬೇರೆ ಬರೆಯಬೇಕು. ಅಷ್ಟೇ. "ಸೊಂಟ ನೋವು ಎಂದು ರೋಗಿ ಹೇಳುತ್ತಾರೆ" ಒಂದು ಸಾಲು. "ಪರೀಕ್ಷೆಯಲ್ಲಿ ಕಂಡದ್ದು" ಇನ್ನೊಂದು ಸಾಲು. ಈ ಎರಡು ಸಾಲನ್ನು ಕಲಸಿ ಬರೆದ ದಿನವೇ ನೀವು ಸಿಕ್ಕಿಹಾಕಿಕೊಳ್ಳುವುದು.

ರಜೆಯ ಸರ್ಟಿಫಿಕೇಟಿನಿಂದ ಶುರು ಮಾಡೋಣ. ನೂರಕ್ಕೆ ಎಂಬತ್ತು ಜನ ಬರುವುದು ಅದಕ್ಕೇ.

ನನ್ನ ಎರಡನೇ ಊರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಒಳ್ಳೆಯ ಮನುಷ್ಯ, ಮಕ್ಕಳಿಗೆ ಗಣಿತ ಚೆನ್ನಾಗಿ ಹೇಳಿಕೊಡುತ್ತಿದ್ದರು. ಒಂದು ಸೋಮವಾರ ಸೊಂಟ ಹಿಡಿದುಕೊಂಡು ಬಂದರು. "ಏಳಕ್ಕಾಗಲ್ಲ ಮೇಡಂ, ಕೂರಕ್ಕಾಗಲ್ಲ. ಹದಿನೈದು ದಿನ ರೆಸ್ಟ್ ಬರೀರಿ." ನಾಡಿ ನೋಡಲು ಕೈ ತಗೊಂಡೆ. ಅಂಗೈಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದುಕೊಂಡಿದ್ದರು: ಸಿಮೆಂಟ್ 40, ಜಲ್ಲಿ 2 ಲೋಡ್. ಹಿಮ್ಮಡಿಯ ಬಿರುಕಿನಲ್ಲಿ ಬೂದು ಬಣ್ಣದ ಸಿಮೆಂಟು ಒಣಗಿ ಕೂತಿತ್ತು. ನಾನು ನಾಡಿ ಎಣಿಸಿ ಮುಗಿಸಿ ಕೇಳಿದೆ, "ಮೇಷ್ಟ್ರೇ, ಜಲ್ಲಿ ಬಂತಾ?" ಅವರು ಅಂಗೈ ನೋಡಿಕೊಂಡರು. ಒಂದು ಗಳಿಗೆ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ನಕ್ಕೇ ಬಿಟ್ಟರು. "ಮೋಲ್ಡಿಂಗ್ ಇದೆ ಮೇಡಂ, ಮೇಸ್ತ್ರಿನ ನಂಬಂಗಿಲ್ಲ."

ನೋಡಿ, ಅವರಿಗೆ ಬೇಕಾಗಿದ್ದದ್ದು ರಜೆ. ಕಾಯಿಲೆ ಅದಕ್ಕೆ ಹಾಕಿದ ವೇಷ. ಇಂಥ ಕಡೆ ದಾರಿ ತೋರಿಸಿದರೆ ಜಗಳವೇ ಇರುವುದಿಲ್ಲ. "ಗಳಿಕೆ ರಜೆ ಎಷ್ಟಿದೆ ಮೇಷ್ಟ್ರೇ? ಅದಕ್ಕೆ ನನ್ನ ಕಾಗದ ಬೇಡ" ಅಂದೆ. ಸರ್ಕಾರಿ ನೌಕರರಿಗೆ ಅರ್ಧ ವೇತನದ ರಜೆ ವರ್ಷಕ್ಕೆ 20 ದಿನ ಸೇರುತ್ತದೆ. ಡಾಕ್ಟರ ಸರ್ಟಿಫಿಕೇಟ್ ಇಟ್ಟರೆ ಎರಡು ಅರ್ಧ ರಜೆಯನ್ನು ಒಂದು ಪೂರ್ತಿ ರಜೆ ಮಾಡಿಕೊಂಡು ಪೂರ್ತಿ ಸಂಬಳ ತಗೊಳ್ಳಬಹುದು. ಅದೇ ಪರಿವರ್ತಿತ ರಜೆ. ಗಳಿಕೆ ರಜೆಯನ್ನು ದುಡ್ಡು ಮಾಡಿಕೊಳ್ಳಲು ಉಳಿಸಿಕೊಂಡು, ಮನೆ ಕೆಲಸಕ್ಕೆ ಇದನ್ನು ಖರ್ಚು ಮಾಡುವ ಲೆಕ್ಕ ಎಲ್ಲರಿಗೂ ಗೊತ್ತು. ಆ ಲೆಕ್ಕ ನಿಮಗೂ ಗೊತ್ತಿರಲಿ. ಯಾಕೆ ಕೇಳುತ್ತಿದ್ದಾರೆ ಎಂದು ಅರ್ಥವಾದರೆ ಸಿಟ್ಟು ಅರ್ಧ ಇಳಿಯುತ್ತದೆ.

ಹಿಂದಿನ ತಾರೀಖು ಕೇಳಿದರೆ ಹೀಗೆ ಹೇಳಿ: "ಇವತ್ತು ನೋಡ್ತಿದೀನಿ, ಇವತ್ತಿನ ತಾರೀಖು ಹಾಕ್ತೀನಿ. ಹೋದ ತಿಂಗಳು ಹುಷಾರಿಲ್ಲ ಅಂತ ನೀವು ಹೇಳಿದ್ದನ್ನ ನಿಮ್ಮ ಮಾತು ಅಂತಲೇ ಬರೀತೀನಿ." ಹತ್ತರಲ್ಲಿ ಎಂಟು ಜನ ಅಂಥ ಕಾಗದ ಬೇಡ ಎಂದು ಎದ್ದು ಹೋಗುತ್ತಾರೆ. ನೀವು ಇಲ್ಲ ಅಂದಿಲ್ಲ, ಅವರೇ ಬೇಡ ಅಂದಂತಾಯಿತು. ಕಿರುಚಾಡಲು ಕಾರಣ ಸಿಗುವುದಿಲ್ಲ.

ನಿಯಮ ಏನು ಹೇಳುತ್ತದೆ ಎಂದು ಬೇಗ ಹೇಳಿ ಮುಗಿಸುತ್ತೇನೆ. 2002ರ ವೈದ್ಯ ನಡತೆ ನಿಯಮಗಳ ಪ್ರಕಾರ ನೀವು ಕೊಟ್ಟ ಪ್ರತಿ ಸರ್ಟಿಫಿಕೇಟಿಗೂ ಒಂದು ರಿಜಿಸ್ಟರ್ ಇರಬೇಕು. ರೋಗಿಯ ಮೈಮೇಲಿನ ಗುರುತು, ಅವರ ಸಹಿ ಅಥವಾ ಹೆಬ್ಬೆಟ್ಟು ತಗೊಳ್ಳಬೇಕು. ಸುಳ್ಳು ಸರ್ಟಿಫಿಕೇಟ್ ಕೊಟ್ಟರೆ ಕರ್ನಾಟಕ ವೈದ್ಯಕೀಯ ಪರಿಷತ್ತು ನಿಮ್ಮ ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವಂಥ ಸರ್ಟಿಫಿಕೇಟನ್ನು ಗೊತ್ತಿದ್ದೂ ಸುಳ್ಳು ಬರೆದರೆ, ಸುಳ್ಳು ಸಾಕ್ಷಿ ಹೇಳಿದವರಿಗೆ ಇರುವ ಶಿಕ್ಷೆಯೇ ನಿಮಗೂ. ಮೊದಲು ಅದು ಐಪಿಸಿ 197. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 234ನೇ ಕಲಂ. ಗುರುತು ಬರೆಯುವಾಗ "ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ" ಎಂದು ಸುಮ್ನೆ ಕೇಳಿ ಬರೆಯಬೇಡಿ. ನೋಡಿ ಬರೆಯಿರಿ. ಒಬ್ಬರ ಬದಲು ಅವರ ತಮ್ಮ ಬಂದು ಕೂತದ್ದು ನನಗೆ ಮಚ್ಚೆಯಿಂದಲೇ ಗೊತ್ತಾಗಿತ್ತು.

ಜ್ವರದ ನಾಟಕ ಹೆಚ್ಚಾಗಿ ಮಕ್ಕಳದು, ಪರೀಕ್ಷೆ ಹೊತ್ತಿನಲ್ಲಿ. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡರೆ ಜ್ವರ ಬರುತ್ತದೆ ಎನ್ನುವುದನ್ನು ನಮ್ಮ ಕಾಲದಿಂದ ಎಲ್ಲ ಹಾಸ್ಟೆಲಿನಲ್ಲೂ ಹೇಳುತ್ತಾರೆ. ಬರುವುದಿಲ್ಲ. ಬರುವುದು ವಾಸನೆ. ಥರ್ಮಾಮೀಟರ್ ತುದಿಯನ್ನು ಬಿಸಿ ಕಾಫಿಗೆ ಅದ್ದುವವರು ಸ್ವಲ್ಪ ಬುದ್ಧಿವಂತರು. ಇದಕ್ಕೆ ಮದ್ದು ನಾಡಿ. ಜ್ವರ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು 10 ಏರಬೇಕು. ಥರ್ಮಾಮೀಟರ್ 104 ತೋರಿಸುತ್ತಿದೆ, ನಾಡಿ 76, ಚರ್ಮ ತಣ್ಣಗಿದೆ ಅಂದರೆ ಇನ್ನೊಂದು ಸಲ ನೀವೇ ಎದುರಿಗೆ ನಿಂತು ನೋಡಿ. ಆದರೆ ತಮಾಷೆ ಏನು ಅಂದ್ರೆ, ಟೈಫಾಯ್ಡಿನಲ್ಲಿ ನಿಜವಾಗಿಯೂ ಜ್ವರ ಏರಿದಷ್ಟು ನಾಡಿ ಏರದೇ ಇರಬಹುದು. ಡೆಂಗಿಯಲ್ಲೂ ಹಾಗಾಗುವುದುಂಟು. ಅದಕ್ಕೇ ಹೇಳುವುದು, ಒಂದು ಗುರುತು ಹಿಡಿದುಕೊಂಡು "ನಾಟಕ" ಎಂದು ನಿರ್ಧಾರ ಮಾಡಬೇಡಿ.

ಸಿಕ್ಕಿಬಿದ್ದ ಹುಡುಗನಿಗೆ ಬೈಯುವ ಮುಂಚೆ ಅಪ್ಪ ಅಮ್ಮನನ್ನು ಹೊರಗೆ ಕಳಿಸಿ. "ಯಾವ ಸಬ್ಜೆಕ್ಟು?" ಎಂದು ಕೇಳಿ. ನನಗೆ ಒಬ್ಬ ಹುಡುಗ "ಸಬ್ಜೆಕ್ಟ್ ಅಲ್ಲ ಡಾಕ್ಟ್ರೆ, ಪಿಟಿ ಮೇಷ್ಟ್ರು ಬೆಲ್ಟಲ್ಲಿ ಹೊಡೀತಾರೆ" ಎಂದು ಅಂಗಿ ಎತ್ತಿ ತೋರಿಸಿದ್ದ. ಹೊಟ್ಟೆನೋವು ಸುಳ್ಳು, ಬಾಸುಂಡೆ ನಿಜ.

ಇನ್ನು ಜಗಳದ ಕೇಸು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದ್ರೆ ಕಾಲೇಜಿನಲ್ಲಿ ಫೋರೆನ್ಸಿಕ್ ಪಾಠ ಕೇಳುವಾಗ ಇದರ ಅರ್ಧವೂ ಗೊತ್ತಾಗುವುದಿಲ್ಲ.

ಬದುವಿನ ಜಗಳ, ನೀರಿನ ಜಗಳ, ಹಬ್ಬದ ದಿನದ ಜಗಳ. ಒಂದು ಕಡೆಯವರು ಬಂದು ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ, ಮಾಡಿಸಿ ಅಡ್ಮಿಟ್ ಆಗುತ್ತಾರೆ. ಅರ್ಧ ಗಂಟೆಗೆ ಇನ್ನೊಂದು ಕಡೆಯವರು. ಅವರದು ಕೇಸು, ಇವರದು ಕೌಂಟರ್ ಕೇಸು. ಯಾರು ಜಾಸ್ತಿ ದಿನ ಮಲಗುತ್ತಾರೋ ಅವರ ಕೇಸು ಗಟ್ಟಿ ಎಂದು ಊರಿನಲ್ಲಿ ನಂಬಿಕೆ. ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಐಪಿಸಿಯಲ್ಲಿ ತೀವ್ರ ಗಾಯ ಅನ್ನಲು ಎಂಟು ದಾರಿ ಇದ್ದವು. ಅದರಲ್ಲಿ ಕೊನೆಯದು, 20 ದಿನ ತೀವ್ರ ನೋವಿನಲ್ಲಿ ಇರುವುದು ಅಥವಾ ದಿನನಿತ್ಯದ ಕೆಲಸ ಮಾಡಲಾಗದಿರುವುದು. ಹೊಸ ಸಂಹಿತೆಯ 116ನೇ ಕಲಂನಲ್ಲಿ ಅದನ್ನು 15 ದಿನಕ್ಕೆ ಇಳಿಸಿದ್ದಾರೆ. ಅಂದರೆ ನಿಮ್ಮ ಕಾಲದಲ್ಲಿ ಮಲಗುವವರಿಗೆ ಐದು ದಿನ ಉಳಿತಾಯ. ಆಸ್ಪತ್ರೆಯಲ್ಲಿ ಮಂಚದ ಮೇಲೆ ಇದ್ದ ಮಾತ್ರಕ್ಕೆ ಆ ಕಲಂ ಅನ್ವಯವಾಗುವುದಿಲ್ಲ. ನೋವು, ಕೆಲಸ ಮಾಡಲಾಗದ್ದು, ಇವನ್ನು ದಿನದಿನದ ಕೇಸ್ ಶೀಟಿನಲ್ಲಿ ಬರೆದಿರಬೇಕು. "ಬೆಳಿಗ್ಗೆ ರೌಂಡ್ಸಿನಲ್ಲಿ ರೋಗಿ ಹಾಸಿಗೆಯಲ್ಲಿ ಇರಲಿಲ್ಲ, ಹೋಟೆಲಿಗೆ ಹೋಗಿದ್ದರು" ಎಂದಿದ್ದರೆ ಅದನ್ನೂ ಬರೆಯಿರಿ. ಗಂಟೆ ಹಾಕಿ ಬರೆಯಿರಿ.

ತೀವ್ರ ಗಾಯದ ಪಟ್ಟಿಯಲ್ಲಿ ಮೂಳೆ ಮುರಿತದ ಜೊತೆ ಹಲ್ಲೂ ಇದೆ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತು, ಹೊಸ ಡಾಕ್ಟರಿಗೆ ಮಾತ್ರ ಗೊತ್ತಿರುವುದಿಲ್ಲ. ಒಬ್ಬ ಅರವತ್ತರ ರೈತ ಹೊಗೆಸೊಪ್ಪಿನ ಚೀಟಿಯಲ್ಲಿ ಒಂದು ಹಲ್ಲು ಸುತ್ತಿಕೊಂಡು ಬಂದಿದ್ದ. "ನಿನ್ನೆ ಗುದ್ದಿ ಉದುರಿಸವ್ರೆ ಮೇಡಮ್ಮೋರೆ." ನಾನು ಟಾರ್ಚ್ ಹಿಡಿದು ಬಾಯಿ ನೋಡಿದೆ. ಗುದ್ದಿ ಬಿದ್ದ ಹಲ್ಲಾದರೆ ತುಟಿಯ ಒಳಗಡೆ ಗಾಯ ಇರಬೇಕು. ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿರಬೇಕು. ಸುತ್ತ ಊದಿರಬೇಕು. ಇವನ ಒಸಡು ನುಣ್ಣಗೆ ಮುಚ್ಚಿಕೊಂಡಿತ್ತು. ಪಕ್ಕದ ಎರಡು ಹಲ್ಲು ಬೆರಳಿಗೆ ಅಲ್ಲಾಡುತ್ತಿದ್ದವು. ಚೀಟಿಯಲ್ಲಿದ್ದ ಹಲ್ಲಿಗೆ ಬೇರಿನ ತನಕ ಕಂದು ಕಿಟ್ಟ ಕಟ್ಟಿತ್ತು. ಅಂದರೆ ಬೀಳುವ ಎಷ್ಟೋ ಮುಂಚೆಯೇ ಒಸಡು ಅದನ್ನು ಕೈಬಿಟ್ಟಿತ್ತು.

ನಾನು ಬರೆದದ್ದು ಇಷ್ಟು: ತಂದ ಹಲ್ಲು ಒಂದು, ಅದರ ವಿವರ. ಕೆಳದವಡೆಯ ಮುಂದೆ ಎಡಗಡೆ ಹಲ್ಲು ಇಲ್ಲ, ಗುಳಿ ವಾಸಿಯಾಗಿದೆ, ತುಟಿ ಒಸಡಿನಲ್ಲಿ ಹೊಸ ಗಾಯ ಇಲ್ಲ. ದಂತ ವೈದ್ಯರ ಅಭಿಪ್ರಾಯಕ್ಕೆ ಕಳಿಸಿದೆ. "ಸುಳ್ಳುಗಾರ" ಎಂಬ ಪದ ಎಲ್ಲೂ ಇಲ್ಲ. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಎರಡೂ ಕಡೆ ವಕೀಲರು ಹತ್ತು ನಿಮಿಷಕ್ಕೆ ಬಿಟ್ಟರು. ಅಂದ ಹಾಗೆ ಆ ಜಗಳದ ಎರಡೂ ಕಡೆಯವರು ನಮ್ಮಲ್ಲಿ ಎದುರು ಬದುರು ಮಂಚದಲ್ಲಿ ಮಲಗಿದ್ದರು. ಅವರ ಹೆಂಡಂದಿರು ಮಾತ್ರ ಆಸ್ಪತ್ರೆ ಹಿಂದೆ ಒಂದೇ ಮೂರು ಕಲ್ಲಿನ ಒಲೆಯಲ್ಲಿ ಸರದಿಯಲ್ಲಿ ನೀರು ಕಾಯಿಸಿಕೊಳ್ಳುತ್ತಿದ್ದರು.

ತಾನೇ ಮಾಡಿಕೊಂಡ ಗಾಯಕ್ಕೆ ಒಂದು ನಡವಳಿಕೆ ಇದೆ. ಕೈಗೆ ಎಟುಕುವ ಜಾಗದಲ್ಲೇ ಇರುತ್ತದೆ. ಬಲಗೈಯವನಿಗೆ ಎಡಗಡೆ. ಒಂದರ ಪಕ್ಕ ಒಂದು, ಗೆರೆ ಎಳೆದ ಹಾಗೆ, ಆಳವಿಲ್ಲ. ಕಣ್ಣು, ತುಟಿ ಹೋಗಲಿ ಎಂದು ಯಾರೂ ಕೊಯ್ದುಕೊಳ್ಳುವುದಿಲ್ಲ. ಅಂಗಿ ನೋಡಲು ಮರೆಯಬೇಡಿ. ಮೈ ಕೊಯ್ದಿದೆ, ಮೇಲಿದ್ದ ಬಟ್ಟೆ ಹರಿದಿಲ್ಲ ಅಂದರೆ ಅದನ್ನು ಬರೆಯಿರಿ. ಹಳೆಯ ಒಂದು ಉಪಾಯ ಕೇರು ಬೀಜದ್ದು, ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದರಲ್ಲ, ಅದು. ಹಚ್ಚಿದರೆ ಚರ್ಮ ಕಪ್ಪಾಗಿ ಪೆಟ್ಟು ಬಿದ್ದಂತೆ ಕಾಣುತ್ತದೆ. ಆದರೆ ಪೆಟ್ಟು ತುರಿಸುವುದಿಲ್ಲ, ಇದು ತುರಿಸುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತವೆ. ತುರಿಸಿಕೊಂಡ ಬೆರಳ ತುದಿಗೂ ಹತ್ತಿರುತ್ತದೆ, ಅಲ್ಲೇ ಸಿಕ್ಕಿಬೀಳುವುದು. ನಿಜವಾದ ಕಂದುಗಾಯ ದಿನ ಕಳೆದಂತೆ ಬಣ್ಣ ಬದಲಿಸುತ್ತದೆ: ಕೆಂಪು, ನೀಲಿ, ಕಂದು, ಹಸಿರು, ಹಳದಿ. ಎರಡು ವಾರದ ಆಸುಪಾಸಿನಲ್ಲಿ ಹೋಗುತ್ತದೆ. "ಇವತ್ತು ಬೆಳಿಗ್ಗೆ ಹೊಡೆದರು" ಎಂದು ಹಳದಿ ಗಾಯ ತೋರಿಸಿದರೆ ಬಣ್ಣವನ್ನು ಬರೆಯಿರಿ, ಸಾಕು. ಮಿಕ್ಕಿದ್ದು ಓದುವವರಿಗೆ ಗೊತ್ತಾಗುತ್ತದೆ.

ಅರೆಸ್ಟ್ ಆದ ಕೂಡಲೇ ಬರುವ ಎದೆನೋವಿಗೆ ನಮ್ಮ ಕಡೆ ದೊಡ್ಡ ಹೆಸರಿದೆ. ಕರೆದುಕೊಂಡು ಬಂದ ಪೊಲೀಸರು ಮೀಸೆಯಲ್ಲೇ ನಗುತ್ತಿರುತ್ತಾರೆ. ನೀವು ನಗಬೇಡಿ. ಹೆದರಿದ ಮನುಷ್ಯನಿಗೆ, ಅದೂ ಐವತ್ತು ದಾಟಿದವನಿಗೆ, ನಿಜವಾಗಿಯೂ ಹೃದಯಾಘಾತ ಆಗಬಹುದು. ಮೊದಲ ಇಸಿಜಿ ಸರಿಯಿದೆ ಎಂದು ಬಿಟ್ಟುಬಿಡಬೇಡಿ, ಸ್ವಲ್ಪ ಹೊತ್ತಿಗೆ ಇನ್ನೊಂದು ತೆಗೆಯಿರಿ, ಹೃದಯಾಘಾತ ಹಿಡಿಯುವ ಟ್ರೋಪೋನಿನ್ ರಕ್ತ ಪರೀಕ್ಷೆ ಇದ್ದರೆ ಮಾಡಿಸಿ, ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಎರಡೂ ಇಸಿಜಿ ಪಟ್ಟಿಯ ಮೇಲೆ ಗಂಟೆ ಬರೆದಿರಲಿ. ಇಲ್ಲಿ ಮೋಸ ಹೋದರೆ ಒಂದು ಹಾಸಿಗೆ ಒಂದು ರಾತ್ರಿ ಹೋಗುತ್ತದೆ. ಮೋಸ ಹೋಗಬಾರದೆಂದು ಹಟ ಹಿಡಿದರೆ ಒಂದು ಜೀವ.

ಪ್ರಜ್ಞೆ ತಪ್ಪಿದವರ ವಿಷಯವೂ ಹೀಗೇ. "ಮನೇಲಿ ಜಗಳ ಆಯ್ತು ಡಾಕ್ಟ್ರೆ, ನಾಟಕ ಮಾಡ್ತವ್ಳೆ" ಎಂದು ಗಂಡನೇ ಹೇಳುತ್ತಾನೆ. ಇದೇ ಮಾತನ್ನು ಗದ್ದೆಗೆ ಹೊಡೆಯುವ ಔಷಧಿ ಕುಡಿದವರ ಮನೆಯವರೂ ಹೇಳುತ್ತಾರೆ, ಯಾಕಂದ್ರೆ ಅವರಿಗೆ ಜಗಳ ಮಾತ್ರ ಗೊತ್ತು, ಬಾಟಲಿ ಗೊತ್ತಿಲ್ಲ. ಮೊದಲು ಉಸಿರು, ಬಾಯಿಯ ವಾಸನೆ, ಕಣ್ಣಿನ ಪಾಪೆ, ಗ್ಲೂಕೋಮೀಟರಿನಲ್ಲಿ ಶುಗರ್. ಪಾಪೆ ಸಾಸಿವೆಯಷ್ಟು ಚಿಕ್ಕದಾಗಿದ್ದರೆ ನಾಟಕದ ಮಾತು ಅಲ್ಲಿಗೇ ಬಿಡಿ. ಎಲ್ಲ ಸರಿಯಿದ್ದರೆ ಮಾತ್ರ ಅವರ ಕೈಯನ್ನು ಮುಖದ ಮೇಲೆ ಮೆಲ್ಲಗೆ ಎತ್ತಿ ಬಿಟ್ಟು ನೋಡಿ. ಎಚ್ಚರ ಇರುವವರ ಕೈ ಮೂಗಿಗೆ ಬಡಿಯದೆ ಪಕ್ಕಕ್ಕೆ ಜಾರುತ್ತದೆ. ರೆಪ್ಪೆ ತೆರೆಯಲು ಹೋದರೆ ಬಿಗಿ ಹಿಡಿಯುತ್ತಾರೆ. ಅಮೋನಿಯಾ ಮೂಗಿಗೆ ಹಿಡಿಯುವುದು, ಚಿವುಟುವುದು, ಎದೆ ಮೂಳೆ ಉಜ್ಜಿ ಗಾಯ ಮಾಡುವುದು ನಮ್ಮ ಸಿಬ್ಬಂದಿಗೆ ಹಳೆಯ ಚಾಳಿ. ಮಾಡಲು ಬಿಡಬೇಡಿ. ಅವಳು ಕಣ್ಣು ಮುಚ್ಚಿ ಮಲಗಿದ್ದಕ್ಕೆ ಮನೆಯಲ್ಲಿ ಏನೋ ಕಾರಣ ಇದೆ. ಆಶಾ ಕಾರ್ಯಕರ್ತೆಯನ್ನು ಒಂದು ಸಲ ಕೇಳಿ, ಅವರಿಗೆ ಗೊತ್ತಿರುತ್ತದೆ.

ಅಪಘಾತದ ಪರಿಹಾರಕ್ಕೆ ಬರುವ ಸೊಂಟ ಮತ್ತು ಕಾಲು. ಮಲಗಿಸಿ ಕಾಲು ಎತ್ತಿದರೆ ಮೂವತ್ತು ಡಿಗ್ರಿಗೇ "ಅಯ್ಯೋ" ಅನ್ನುವವರು, ಬೆಂಚಿನ ಮೇಲೆ ಕೂರಿಸಿ ಪಾದ ನೋಡುವ ನೆಪದಲ್ಲಿ ಮೊಣಕಾಲು ನೆಟ್ಟಗೆ ಮಾಡಿದರೆ ಸುಮ್ಮನಿರುತ್ತಾರೆ. ಕಾಲು ಎತ್ತಲು ಆಗುವುದೇ ಇಲ್ಲ ಎನ್ನುವವರ ಎರಡೂ ಹಿಮ್ಮಡಿ ಕೆಳಗೆ ನಿಮ್ಮ ಅಂಗೈ ಇಡಿ. ಒಂದು ಕಾಲು ಎತ್ತಲು ನಿಜವಾಗಿ ಪ್ರಯತ್ನಿಸಿದರೆ ಇನ್ನೊಂದು ಹಿಮ್ಮಡಿ ತಾನಾಗಿ ಕೆಳಕ್ಕೆ ಒತ್ತುತ್ತದೆ. ಸರಿಯಿರುವ ಕಾಲು ಎತ್ತಿಸಿದಾಗ ಸೋತಿದೆ ಎನ್ನುವ ಕಾಲಿನ ಹಿಮ್ಮಡಿ ಒತ್ತಿದರೆ ಅದರಲ್ಲಿ ಬಲ ಇದೆ ಎಂದಾಯಿತು. ಇದನ್ನು 1908ರಲ್ಲಿ ಹೂವರ್ ಎಂಬ ಅಮೆರಿಕದ ಡಾಕ್ಟರ್ ಬರೆದಿಟ್ಟ. ಒಳ್ಳೆಯ ಪರೀಕ್ಷೆ, ಒಂದು ರೂಪಾಯಿ ಖರ್ಚಿಲ್ಲ. ಆದರೆ ಇದರಿಂದ ಗೊತ್ತಾಗುವುದು ನರ, ಸ್ನಾಯು ಕೆಲಸ ಮಾಡುತ್ತಿವೆ ಎಂದು ಮಾತ್ರ. ಆ ಮನುಷ್ಯ ಬೇಕೆಂದೇ ಮಾಡುತ್ತಿದ್ದಾನೆ ಎಂದು ಗೊತ್ತಾಗುವುದಿಲ್ಲ. ಮನಸ್ಸಿನ ಭಾರಕ್ಕೆ ಕಾಲು ನಿಜವಾಗಿಯೂ ಸೋತುಹೋಗುವ ಕಾಯಿಲೆ ಇದೆ. ಅದರಲ್ಲಿ ರೋಗಿಗೇ ತಾನು ಮಾಡುತ್ತಿದ್ದೇನೆ ಎಂದು ಗೊತ್ತಿರುವುದಿಲ್ಲ. ಊರಲ್ಲಿ ಗಾಳಿ ಸೋಕಿದೆ ಅನ್ನುವ ಎಷ್ಟೋ ಹೆಣ್ಣುಮಕ್ಕಳು ಈ ಗುಂಪಿನವರು. ಅವರನ್ನು ಕಳ್ಳರ ಸಾಲಿಗೆ ಸೇರಿಸಬೇಡಿ. ಎಕ್ಸ್‌ರೇ ಸರಿಯಿದೆ, ಆದ್ದರಿಂದ ಸೊಂಟ ನೋವು ಸುಳ್ಳು ಅನ್ನುವುದೂ ತಪ್ಪು. ಹೆಚ್ಚಿನ ಸೊಂಟನೋವು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನನ್ನದೂ ಕಾಣುವುದಿಲ್ಲ.

ಅಂಗವಿಕಲರ ಸರ್ಟಿಫಿಕೇಟಿನಲ್ಲಿ 40 ಪರ್ಸೆಂಟ್ ಎಂಬ ಗೆರೆ ಇದೆ, ಹೆಚ್ಚಿನ ಸವಲತ್ತು ಶುರುವಾಗುವುದೇ ಅಲ್ಲಿಂದ. ಹಾಗಾಗಿ 30ರವರು "ಸ್ವಲ್ಪ ನೋಡಿ ಹಾಕಿ" ಅನ್ನುತ್ತಾರೆ. ನೀವು ಒಬ್ಬರೇ ಹಾಕಬೇಡಿ, ಆ ವಿಷಯದ ತಜ್ಞರ ಹತ್ತಿರ ಕಳಿಸಿ. ಕಿವಿ ಕೇಳಿಸುವುದಿಲ್ಲ ಎನ್ನುವವರಿಗೆ ಬೆರಾ ಪರೀಕ್ಷೆ ಇದೆ. ತಲೆಗೆ ತಂತಿ ಅಂಟಿಸಿ ಮಿದುಳಿನಿಂದಲೇ ಉತ್ತರ ತಗೊಳ್ಳುತ್ತಾರೆ, ರೋಗಿ ಬಾಯಿ ಬಿಡಬೇಕಾಗಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡುತ್ತಾರೆ. ಮೋಸದಿಂದ ಸವಲತ್ತು ತಗೊಂಡವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 91ನೇ ಕಲಂನಲ್ಲಿ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಮೇಲಿನಿಂದ ಫೋನ್ ಬರುತ್ತದೆ. ಬಂದೇ ಬರುತ್ತದೆ. 2018ರ ಮೇ 12ರ ವಿಧಾನಸಭಾ ಚುನಾವಣೆ ಮುಂಚೆ ನನ್ನ ಓಪಿಡಿಯಲ್ಲಿ ಬಿಪಿ, ಮಂಡಿ ನೋವು, ತಲೆಸುತ್ತಿನ ಜಾತ್ರೆ ನೆರೆದಿತ್ತು. ಎಲ್ಲರಿಗೂ ಡ್ಯೂಟಿ ತಪ್ಪಬೇಕು. ಫೋನಿನಲ್ಲಿ ವಾದ ಮಾಡಬೇಡಿ. "ಕಳಿಸಿ ಸಾರ್, ನೋಡ್ತೀನಿ. ಕಂಡದ್ದನ್ನ ಬರ್ಕೊಡ್ತೀನಿ" ಅನ್ನಿ. ಕಳಿಸಿದವರ ಬಿಪಿ ನಿಜವಾಗಿ ನೋಡಿ, ಇದ್ದಷ್ಟೇ ಬರೆಯಿರಿ. 130/84 ಎಂದು ಬರೆದ ಕಾಗದವನ್ನು ಅವರು ಎಲ್ಲಿ ಬೇಕಾದರೂ ತೋರಿಸಿಕೊಳ್ಳಲಿ. ಆ ಸಲ ಹಾಗೆ ನೋಡುವಾಗ ಒಬ್ಬ ಗುಮಾಸ್ತರಿಗೆ 210/120 ಇತ್ತು. ಡ್ಯೂಟಿ ತಪ್ಪಿಸಿಕೊಳ್ಳಲು ಸುಳ್ಳು ಹೇಳಲು ಬಂದಿದ್ದರು ಪಾಪ. ಮಾತ್ರೆ ಬರೆದುಕೊಟ್ಟೆ, ನಂಬಲೇ ಇಲ್ಲ.

ಈಗ ನನ್ನ ತಪ್ಪು.

ಇಪ್ಪತ್ತಾರು ವರ್ಷದ ಹೆಂಗಸು. ಅತ್ತೆಯ ಜೊತೆ ಬೆಳಿಗ್ಗೆ ಹತ್ತಕ್ಕೆ ಓಪಿಡಿಗೆ ಬಂದಳು. ಮಾತೆಲ್ಲ ಅತ್ತೆಯದೇ. "ಬೆಳಿಗ್ಗೆ ಗುಂಡುಕಲ್ಲಂಗಿರ್ತಾಳೆ ಡಾಕ್ಟ್ರಮ್ಮ. ಸಂಜೆ ಒಲೆ ಮುಂದೆ ಕೂತ್ಕೊ ಅಂದ್ರೆ ಕೈ ಸೋತೋಯ್ತು ಅಂತಾಳೆ. ಮುದ್ದೆ ಕೋಲು ಬಿಟ್ಬಿಡ್ತಾಳೆ." ನಾನು ಕೈ ಹಿಡಿದು ನೋಡಿದೆ, ಬಲ ಚೆನ್ನಾಗಿತ್ತು. ರಕ್ತ ಪರೀಕ್ಷೆ ಸರಿ. ಬಿ ಕಾಂಪ್ಲೆಕ್ಸ್ ಕೊಟ್ಟೆ. ತಿಂಗಳಿಗೆ ಮತ್ತೆ ಬಂದರು, ಮತ್ತೆ ಬೆಳಿಗ್ಗೆ. ಚೀಟಿಯಲ್ಲಿ "ಫಂಕ್ಷನಲ್" ಎಂದು ಬರೆದೆ, ಅಂದರೆ ಮೈಯಲ್ಲಿ ಕಾಯಿಲೆ ಕಾಣುತ್ತಿಲ್ಲ, ಮನಸ್ಸಿನದು ಎಂದು. ಅತ್ತೆಗೆ ಏನು ಹೇಳಿದೆ ಗೊತ್ತಾ? "ಕಾಯಿಲೆ ಏನೂ ಇಲ್ಲ, ಸ್ವಲ್ಪ ಸಮಾಧಾನದಿಂದ ನೋಡ್ಕೊಳಿ" ಅಂದೆ. ಅತ್ತೆಗೆ ಕೇಳಿಸಿದ್ದು ಮೊದಲ ಮೂರು ಪದ. ಆಮೇಲೆ ಆ ಮನೆಯಲ್ಲಿ ಅವಳಿಗೆ ಏನಾಯಿತೋ ನಾನು ಕೇಳಲಿಲ್ಲ.

ನಾಲ್ಕು ತಿಂಗಳ ಮೇಲೆ ನನಗೆ ರಾತ್ರಿ ಡ್ಯೂಟಿ. ಏಳು ಗಂಟೆ ಹೊತ್ತಿಗೆ ಅವಳೇ ಬಂದಳು, ಮಗುವಿಗೆ ಜ್ವರ ಎಂದು. ಮಗು ಅವಳ ಗಂಡನ ಹೆಗಲ ಮೇಲಿತ್ತು. ಅವಳು ನನ್ನ ಜೊತೆ ಮಾತಾಡುವಾಗ ತಲೆಯನ್ನು ಹಿಂದಕ್ಕೆ ವಾಲಿಸಿ, ಗದ್ದ ಮೇಲೆತ್ತಿ ನೋಡುತ್ತಿದ್ದಳು. ಯಾಕೆ ಹೀಗೆ ನೋಡುತ್ತಾಳೆ ಅನ್ನಿಸಿತು. ಆಮೇಲೆ ಕಂಡಿತು. ರೆಪ್ಪೆ ಎರಡೂ ಅರ್ಧ ಕಣ್ಣಿನ ತನಕ ಇಳಿದಿದ್ದವು. ಮಾತು ಮೂಗಿನಲ್ಲಿ ಬರುತ್ತಿತ್ತು. "ಊಟ ಮಾಡಕ್ಕಾಗುತ್ತಾ?" ಅಂದೆ. "ಸಂಜೆ ಆಗಲ್ಲ. ನೀರು ಮೂಗಲ್ಲಿ ಬರ್ತದೆ" ಅಂದಳು. ಎರಡು ಸಲ ಬಂದಾಗ ನಾನು ಅವಳನ್ನು ಒಂದು ಪ್ರಶ್ನೆ ಕೇಳಿರಲಿಲ್ಲ.

ಲಸಿಕೆ ರೂಮಿನ ಫ್ರೀಜರಿನಿಂದ ಐಸ್ ಪ್ಯಾಕ್ ತರಿಸಿದೆ. ಬಟ್ಟೆ ಸುತ್ತಿ ಒಂದು ಕಣ್ಣಿನ ಮೇಲೆ ಎರಡು ನಿಮಿಷ ಇಟ್ಟೆ. ತೆಗೆದಾಗ ಆ ರೆಪ್ಪೆ ಮೇಲೆದ್ದಿತ್ತು, ಇನ್ನೊಂದು ಹಾಗೇ ಇಳಿದಿತ್ತು. ಮಯಾಸ್ತೇನಿಯಾ ಗ್ರಾವಿಸ್. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ದೇಹದ ರೋಗನಿರೋಧಕ ಶಕ್ತಿಯೇ ತಡೆಯುವ ಕಾಯಿಲೆ. ದುಡಿದಷ್ಟು ಸೋಲುತ್ತದೆ, ಮಲಗಿ ಎದ್ದರೆ ಸುಧಾರಿಸುತ್ತದೆ. ಬೆಳಿಗ್ಗೆ ಹತ್ತರ ಓಪಿಡಿಯಲ್ಲಿ ಗುಂಡುಕಲ್ಲಿನ ಹಾಗೆ ಇರುವುದೇ ಅದರ ಗುಣ. ಆ ರಾತ್ರಿಯೇ ಬೆಂಗಳೂರಿನ ನಿಮ್ಹಾನ್ಸಿಗೆ ಕಳಿಸಿದೆ. ಪಿರಿಡೋಸ್ಟಿಗ್ಮಿನ್ ಮಾತ್ರೆಯಲ್ಲಿ ಸುಧಾರಿಸಿದಳು. ನನ್ನ ಹತ್ತಿರ ಮತ್ತೆ ಬರಲಿಲ್ಲ.

ಅಲ್ಲಿಂದ ಮೇಲೆ ಎರಡು ಅಭ್ಯಾಸ ಮಾಡಿಕೊಂಡೆ, ನೀವೂ ಮಾಡಿಕೊಳ್ಳಿ. ಕರೆದುಕೊಂಡು ಬಂದವರನ್ನು ಹೊರಗೆ ಕೂರಿಸಿ ರೋಗಿಯನ್ನೇ ಕೇಳುವುದು. ಯಾವ ಹೊತ್ತಿಗೆ ತೊಂದರೆ ಆಗುತ್ತದೋ ಆ ಹೊತ್ತಿಗೇ ಬರಹೇಳಿ ನೋಡುವುದು. "ನಾಟಕ" ಎಂದು ಹೇಳುವವರಿಗೂ ಒಂದು ಲಾಭ ಇರುತ್ತದೆ. ಮೇಷ್ಟ್ರಿಗೆ ಮೋಲ್ಡಿಂಗ್ ಇದ್ದ ಹಾಗೆ ಆ ಅತ್ತೆಗೆ ಮುದ್ದೆ ತೊಳಸುವ ಕೈ ಬೇಕಿತ್ತು.

ಕೊನೆಗೆ ಸೀಲಿನ ವಿಷಯ. ನಾನು ಒಂದು ಊರಿನಲ್ಲಿ ಸೀಲನ್ನು ಟೇಬಲ್ ಡ್ರಾಯರಿನಲ್ಲಿ ಇಟ್ಟು ಬರುತ್ತಿದ್ದೆ. ಒಂದು ದಿನ ಕೋರ್ಟಿನಿಂದ ಸಮನ್ಸ್ ಬಂತು. ನಾನು ಕಂಡೇ ಇರದ ಮನುಷ್ಯನಿಗೆ ನನ್ನ ಸೀಲು ಹಾಕಿದ ಕಾಮಾಲೆಯ ಸರ್ಟಿಫಿಕೇಟು. ಸಹಿ ಸುಮಾರಾಗಿ ನನ್ನದೇ ಥರ. ನನ್ನನ್ನು ಉಳಿಸಿದ್ದು ರಿಜಿಸ್ಟರ್. ಆ ನಂಬರಿನಲ್ಲಿ ನನ್ನ ರಿಜಿಸ್ಟರಿನಲ್ಲಿ ಬೇರೆ ಊರಿನ ಅಜ್ಜಿಯೊಬ್ಬರ ಹೆಬ್ಬೆಟ್ಟಿತ್ತು. ಅಣ್ಣನ ಮಗಳಿಗೂ ಇದನ್ನೇ ಹೇಳಿದೆ: ನಂಬರ್ ಬಿಡದೆ ಬರಿ, ಖಾಲಿ ಹಾಳೆಗೆ ಸಹಿ ಹಾಕಬೇಡ, ಸೀಲನ್ನು ಸಂಜೆ ಮನೆಗೆ ತಗೊಂಡು ಹೋಗು. ಬ್ಯಾಗಿನಲ್ಲಿ ಟಿಫಿನ್ ಡಬ್ಬಿ ಪಕ್ಕ ಇಟ್ಟರೆ ಮಸಿ ಚಪಾತಿಗೆ ಹತ್ತುತ್ತದೆ ಅಂದಳು. ಪ್ಲಾಸ್ಟಿಕ್ ಕವರಿಗೆ ಹಾಕಿ ಇಡು ಅಂದೆ.